ಹಣಮಂತರಾಯರ ಮೋಟಾರಿಗೊಂದು ನಂಬರು

ನಮ್ಮಕ್ಕನ ಗಂಡ ಹಣಮಂತರಾಯರ ಮನೆ ಎಲ್ಲಿ ಎಂದು ಕರಜಗಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸುಮ್ಮನೆ ಹೇಳುವುದಿಲ್ಲ, ಸ್ವಲ್ಪ ನಕ್ಕು ಹೇಳುತ್ತಾರೆ. ಊರಿಗೆ ಮೊದಲ ಮೊಬೈಲ್ ತಂದವರು ಅವರು. ಆಗ ಸಿಗ್ನಲ್ ಸಿಗುತ್ತಿದ್ದದ್ದು ಮಾಳಿಗೆಯ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ನಿಂತು ಇಡೀ ಓಣಿಗೆ ಕೇಳುವಂತೆ ಮಾತಾಡುತ್ತಿದ್ದರು. ಆ ದನಿಗೆ ಫೋನಿನ ಅಗತ್ಯವೇ ಇರಲಿಲ್ಲ, ಅದು ನೇರವಾಗಿಯೇ ಸೊಲ್ಲಾಪುರ ಮುಟ್ಟುತ್ತಿತ್ತು. ಊರಿನ ಮೊದಲ ಡಿಶ್, ಮೊದಲ ಇನ್ವರ್ಟರ್, ಮೊದಲ ಸಿಸಿ ಕ್ಯಾಮೆರಾ ಎಲ್ಲವೂ ಅವರವೇ. ಕ್ಯಾಮೆರಾ ದನದ ಕೊಟ್ಟಿಗೆಗೆ ಮುಖ ಮಾಡಿಕೊಂಡಿತ್ತು. ಆ ದನಗಳು ಏನು ತಪ್ಪು ಮಾಡಿದ್ದವೋ, ವರ್ಷಗಟ್ಟಲೆ ಅವುಗಳ ಮೇಲೆ ನಿಗಾ ಇತ್ತು.

ನಾನು ವಿದ್ಯಾವತಿ, ಅಫಜಲಪುರದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಊಟ ಹಾಕಿ ಕಳಿಸುತ್ತಾರೆ ಎಂದುಕೊಳ್ಳಬೇಡಿ, ಬರೀ ಕಳಿಸುತ್ತಾರೆ. ಅದರ ಜೊತೆಗೆ ಪಿಎಚ್‌ಡಿಯನ್ನೂ ಹಚ್ಚಿಕೊಂಡಿದ್ದೇನೆ. ವಿಷಯ, ತಂತ್ರಜ್ಞಾನ ಮತ್ತು ಸಮಾಜ. ಯಂತ್ರ ಬಂತು, ಸಮಾಜ ಬದಲಾಯಿತು, ಅಷ್ಟು ಬರೆದರೆ ಸಾಕು ಎಂಬುದು ನನ್ನ ಗೈಡ್ ಸಾಹೇಬರ ಅಭಿಪ್ರಾಯ. ಅವರು ನಮ್ಮಕ್ಕನ ಮನೆ ನೋಡಿಲ್ಲ. ಯಂತ್ರ ಒಂದು ಮನೆಗೆ ಬಂದರೆ, ಆ ಮನೆಯ ರೀತಿ ರಿವಾಜು ಕಲಿತು, ಯಾರ ಮುಂದೆ ತಗ್ಗಬೇಕು, ಯಾರನ್ನು ಲೆಕ್ಕಕ್ಕಿಡಬಾರದು ಎಂದು ತಿಳಿದುಕೊಂಡೇ ಕೆಲಸ ಶುರು ಮಾಡುತ್ತದೆ. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ರಜೆ ಬಂದಾಗಲೆಲ್ಲ ಅಕ್ಕನ ಮನೆಗೆ ಹೋಗಿ ಕಣ್ಣಾರೆ ನೋಡಿದ್ದೇನೆ.

ಆ ಮನೆಯಲ್ಲಿ ವಿಜ್ಞಾನ ಪಡಸಾಲೆಯವರೆಗೂ ಬಂದು ಅಲ್ಲಿಯೇ ಚಪ್ಪಲಿ ಬಿಟ್ಟು ಕೂತಿದೆ. ಅಡುಗೆಮನೆಯ ಹೊಸ್ತಿಲು ದಾಟಿಲ್ಲ. ರೊಟ್ಟಿ ಕಟ್ಟಿಗೆಯ ಒಲೆಯ ಮೇಲೆಯೇ ಆಗಬೇಕು, ಗ್ಯಾಸಿನ ಮೇಲೆ ಮಾಡಿದರೆ ಮಾಮಾಗೆ, ಅಂದರೆ ಹಣಮಂತರಾಯರಿಗೆ, ರುಚಿ ಹತ್ತುವುದಿಲ್ಲ. ಶೇಂಗಾ ಚಟ್ನಿ ಒರಳಿನಲ್ಲೇ ಕುಟ್ಟಬೇಕು, ಮಿಕ್ಸರ್‌ನಲ್ಲಿ ರುಬ್ಬಿದರೆ ಅದರ ಸತ್ವ ಹೋಗುತ್ತದಂತೆ. ಬಟ್ಟೆ ಒಗೆಯುವ ಮಶಿನ್ ತಂದದ್ದು ನಿಜ. ಅದರ ಮೇಲೆ ಕಸೂತಿಯ ಬಟ್ಟೆ ಹೊದಿಸಿ, ಬಟ್ಟೆಯ ಮೇಲೆ ಟಿವಿ ಇಟ್ಟಿದ್ದಾರೆ. ಬಂದವರಿಗೆ ಬಟ್ಟೆ ಎತ್ತಿ ತೋರಿಸುತ್ತಾರೆ. ಅಕ್ಕ ಬಟ್ಟೆಗಳನ್ನು ಬಾವಿಯ ಕಟ್ಟೆಯ ಮೇಲೆ ಒಗೆಯುತ್ತಾಳೆ.

ಅಕ್ಕನ ಹೆಸರು ಸುಮಿತ್ರಾಬಾಯಿ. ನಮ್ಮ ತವರು ಜೇವರ್ಗಿ. ಅಲ್ಲಿ ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು, ಆ ವರ್ಷವೇ ಮದುವೆಯಾಯಿತು. ಅವಳಿಗೆ ಫೋನಿಲ್ಲ. ಕೇಳಿದರೆ ಮಾಮಾ, "ಮನ್ಯಾಗ ನಂದು ಅದಲ್ಲ, ಇನ್ನೊಂದ್ಯಾಕ?" ಎನ್ನುತ್ತಿದ್ದರು. ನಾನು ಅಕ್ಕನ ಜೊತೆ ಮಾತಾಡಬೇಕೆಂದರೆ ಅವರ ನಂಬರಿಗೆ ಹಚ್ಚಬೇಕು. ಅವರು, "ಏ ಸುಮಿತ್ರಾ, ನಿನ್ನ ತಂಗಿ ಆರಾಮ ಅದಾಳಂತ" ಎಂದು ಒಳಗೆ ಕೂಗಿ, ಒಳಗಿನಿಂದ ಬಂದ ಉತ್ತರವನ್ನು ನನಗೆ ಹೇಳಿ, ಫೋನ್ ಇಡುತ್ತಿದ್ದರು. ಅಕ್ಕತಂಗಿಯರ ಮಾತುಕತೆ ಹಾಗೆ ಮುಗಿಯುತ್ತಿತ್ತು.

ಹೆಂಡತಿಗೆ ಬೇಡವಾದ ಫೋನ್ ನಂಬರು ಕಡೆಗೆ ಬಂದದ್ದು ಕಬ್ಬಿನ ಹೊಲದ ಮೋಟಾರಿಗೆ. ಮೊಬೈಲ್ ಸ್ಟಾರ್ಟರ್ ಎಂಬ ಡಬ್ಬಿ ಪೇಟೆಗೆ ಬಂದಿತ್ತು. ಅದರೊಳಗೆ ಒಂದು ಸಿಮ್ ಹಾಕಿದರೆ ಸಾಕು, ಮನೆಯಲ್ಲಿ ಮಂಚದ ಮೇಲೆ ಮಲಗಿ ಆ ನಂಬರಿಗೆ ರಿಂಗ್ ಕೊಟ್ಟರೆ ಹೊಲದಲ್ಲಿ ಮೋಟಾರ್ ಶುರು, ಮತ್ತೊಂದು ರಿಂಗ್ ಕೊಟ್ಟರೆ ಬಂದ್, ಏನಾಯಿತೆಂದು ಡಬ್ಬಿಯೇ ಫೋನಿನಲ್ಲಿ ಹೇಳುತ್ತದೆ. ಮಾಮಾ ಅಂದೇ ಅಫಜಲಪುರಕ್ಕೆ ಓಡಿದರು. ಸಿಮ್ ಅಂಗಡಿಯ ಖುರ್ಷಿದ, "ರಾಯರ, ನಿಮ್ಮ ಹೆಸರ್ಲೆ ಇದ್ದ ಸಿಮ್ಮೇ ಭಾಳ ಆಗ್ಯಾವ, ಬ್ಯಾರೆ ಹೆಸರ್ಲೆ ತಗೋರಿ" ಎಂದ. ಮರುದಿನ ಅಕ್ಕನನ್ನು ಕರೆದೊಯ್ದು, ಅವಳ ಬೆರಳು ಒತ್ತಿಸಿ, ಸಿಮ್ ತಂದರು. ಬಂದದ್ದು ಬಂದೆವು ಎಂದು ಅವಳ ಆಧಾರ್ ಕಾರ್ಡಿಗೂ ಬ್ಯಾಂಕಿಗೂ ಅದೇ ನಂಬರು ಕೂಡಿಸಿದರು. "ಎಲ್ಲಾ ಇಕಿ ಹೆಸರ್ಲೇ ಮಾಡೀನಿ ನೋಡು" ಎಂದು ನನ್ನ ಮುಂದೆ ಎದೆ ಉಬ್ಬಿಸಿದರು. ಸಿಮ್ ಮಾತ್ರ ಬಸ್ಸಿಳಿದು ಸೀದಾ ಹೊಲಕ್ಕೆ ಹೋಯಿತು. ಸರ್ಕಾರದ ಲೆಕ್ಕದಲ್ಲಿ ಅವತ್ತಿನಿಂದ ನಮ್ಮಕ್ಕ ಐದು ಎಚ್‌ಪಿ ಮೋಟಾರ್.

ಇನ್ನೊಂದು ಘನಕಾರ್ಯವನ್ನೂ ಹೇಳಬೇಕು. ಕಂಪನಿಯವನು ಡಬ್ಬಿ ಕೂರಿಸುವಾಗ ಮಾಮಾನ ನಂಬರಿನಿಂದ ಮಾತ್ರ ಮೋಟಾರ್ ಶುರುವಾಗುವಂತೆ ಮಾಡಿದ್ದ. ಅದು ಇವರಿಗೆ ಸರಿ ಬರಲಿಲ್ಲ. ಹೋಟೆಲಿನ ಕಟ್ಟೆಯ ಮೇಲೆ ಕೂತು, "ನಿಮ್ಮ ಫೋನ್‌ಲೇ ಹಚ್ಚಿ ನೋಡ್ರಿ, ಹೆಂಗ ಚಾಲೂ ಆಗ್ತದ" ಎಂದು ಮಂದಿಗೆ ತೋರಿಸದಿದ್ದರೆ ಮಶಿನ್ ತಂದು ಏನು ಬಂತು? ಅವನನ್ನು ಮತ್ತೆ ಕರೆಸಿ ಆ ಕಟ್ಟು ಬಿಚ್ಚಿಸಿದರು. ಆಮೇಲೆ ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ, ಹಣಮಂತರಾಯರ ಕಬ್ಬಿಗೆ ನೀರು ಬಿಡಬಹುದಿತ್ತು.

ಅದೇ ವರ್ಷ ಕಬ್ಬಿಗೆ ಔಷಧ ಹೊಡೆಯಲು ಬಾಡಿಗೆಗೆ ಡ್ರೋನ್ ತರಿಸಿದರು, ಊರಿನಲ್ಲಿ ಮೊದಲ ಸಲ. ಅಕ್ಕ ಚಹಾ ಒಯ್ದಿದ್ದಳು. ಕಬ್ಬಿನ ಮೇಲೆ ಅದು ಹೋಗಿ ಬರುವುದನ್ನು ನೋಡುತ್ತ ಕಿಟಲಿ ಹಿಡಿದು ನಿಂತೇ ಬಿಟ್ಟಳು. ಹಾರಿಸುವವನಿಗೆ, "ಗಾಳಿ ಬೀಸಿದ್ರ ಏನ್ ಮಾಡ್ತೀರಿ?" ಎಂದು ಕೇಳಿದಳಂತೆ. ಅವನು ಬಾಯಿ ತೆರೆಯುವ ಮೊದಲೇ ಮಾಮಾ, "ನಿನಗ್ಯಾಕ ಅದು, ಚಾ ಹಾಕು" ಎಂದರಂತೆ. ದೀಪಾವಳಿಗೆ ನಾನು ಹೋದಾಗ ಒಲೆಯ ಮುಂದೆ ಕೂತು ಮೆಲ್ಲಗೆ ಹೇಳಿದಳು, "ವಿದ್ಯಾ, ನಗಬ್ಯಾಡ ಮತ್ತ. ನನಗ ಅದನ್ನ ಹಾರಸಾಕ ಬರ್ತದ ಅನಸ್ತದ ಬೇ." ನಾನು ನಗಲಿಲ್ಲ. ಮದುವೆಯಾದ ಮೇಲೆ ಅವಳು ತನಗೆಂದು ಏನಾದರೂ ಬೇಕು ಎಂದದ್ದನ್ನು ಅವತ್ತೇ ಕೇಳಿದ್ದು.

ಅವಳ ಪುಣ್ಯಕ್ಕೆ ಮಹಿಳಾ ಸಂಘಗಳ ಹೆಣ್ಣುಮಕ್ಕಳಿಗೆ ಡ್ರೋನ್ ಹಾರಿಸುವ ತರಬೇತಿ ಕೊಡುತ್ತಾರೆಂದು ಸುದ್ದಿ ಬಂತು. ಊರಿಗೆ ಒಬ್ಬರು, ಕಡಿಮೆ ಎಂದರೆ ಎಸ್ಸೆಸ್ಸೆಲ್ಸಿ ಆಗಿರಬೇಕು. ಸಂಘದವರು ಅಕ್ಕನ ಹೆಸರು ಕೊಟ್ಟರು. ಮಾಮಾ ಬೇಡ ಎನ್ನಲಿಲ್ಲ. ಬೇಡ ಎನ್ನುವುದುಂಟೇ? ತರಬೇತಿ ಮುಗಿಸಿದವರ ಸಂಘಕ್ಕೆ ಒಂದು ಡ್ರೋನ್ ಬರುತ್ತದೆ, ಅಂದರೆ ಅದು ತಮ್ಮ ಪಡಸಾಲೆಗೇ ಬರುತ್ತದೆ. ಅದನ್ನು ಎಲ್ಲಿಡುವುದೆಂದು ಟಿವಿಯನ್ನು ಆ ಕಡೆ ಈ ಕಡೆ ಸರಿಸಿ ನೋಡಿದರು. ಅರ್ಜಿಗೆ ಅವಳದೇ ಹೆಸರಿನ ನಂಬರು ಬೇಕಿತ್ತು. ಅವಳ ಹೆಸರಿನಲ್ಲಿ ಇದ್ದದ್ದು ಒಂದೇ, ಕೊಟ್ಟಳು.

ಆಮೇಲೆ ಎರಡು ತಮಾಷೆ ಒಟ್ಟಿಗೇ ಶುರುವಾದವು. ತರಬೇತಿಗೆ ಬಾ ಎಂದು ಕರೆ ಬರಲಿಲ್ಲ. ಮತ್ತು ಹೊಲದಲ್ಲಿ ಮೋಟಾರ್ ತನ್ನಷ್ಟಕ್ಕೆ ತಾನೇ ಶುರುವಾಗತೊಡಗಿತು. ಹೊತ್ತಿಲ್ಲ ಗೊತ್ತಿಲ್ಲ, ನೀರು ಬದು ಒಡೆದು ಹರಿಯುತ್ತಿತ್ತು. ಮಾಮಾ ಪಕ್ಕದ ಹೊಲದ ಜಗದೇವನ ಮೇಲೆ ಹರಿಹಾಯ್ದರು. "ನೀರಿನ ಆಸೆಗೆ ನೀನೇ ಹಚ್ಚಾಕತ್ತೀದಿ ಲೇ" ಎಂದರು. "ನಿಮ್ಮ ನೀರಿಗೆ ನನ್ನ ತೊಗರಿ ಕೊಳೆಯಾಕತ್ತದ, ನಾ ಯಾಕ ಹಚ್ಚಲ್ರಿ?" ಎಂದು ಅವನು ಎಷ್ಟು ಹೇಳಿದರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಕೊಟ್ಟಿಗೆಯ ಕ್ಯಾಮೆರಾ ಕಿತ್ತು ಪಂಪಿನ ಶೆಡ್ಡಿಗೆ ಹಾಕಿದರು. ದನಗಳು ನಿರಾಳವಾದವು.

ಗುಟ್ಟು ಬಯಲಾದದ್ದು ನಮ್ಮ ಕಾಲೇಜಿನಲ್ಲಿ. ನನ್ನ ಹಳೆಯ ವಿದ್ಯಾರ್ಥಿನಿ ಪಲ್ಲವಿ ಈಗ ಕಲಬುರಗಿಯ ಆ ತರಬೇತಿ ಕೇಂದ್ರದಲ್ಲಿ ಕೆಲಸಕ್ಕಿದ್ದಾಳೆ. ಏನೋ ಕಾರ್ಯಕ್ರಮಕ್ಕೆಂದು ಬಂದವಳು ನನ್ನನ್ನು ನೋಡಿ, "ಮೇಡಂ, ಕರಜಗಿ ನಿಮ್ಮ ಬೀಗರ ಊರಲ್ಲೇನ್ರಿ? ಅಲ್ಲಿ ಸುಮಿತ್ರಾಬಾಯಿ ಅಂತ ಒಬ್ಬರಿಗೆ ಹಚ್ಚಿ ಹಚ್ಚಿ ಸಾಕಾಗ್ಯದ" ಎಂದಳು.

"ಎತ್ತೋದಿಲ್ಲೇನು?"

"ಎತ್ತತಾರ್ರಿ. ಎತ್ತಿ, 'ನಮಸ್ಕಾರ, ನಿಮ್ಮ ಮೋಟಾರ್ ಚಾಲನೆಗೊಂಡಿದೆ' ಅಂತಾರ. ನಾ ಅಲ್ಲರೀ ಅಕ್ಕಾರ ಅಂತ ಮತ್ತ ಹಚ್ಚಿದ್ರ, 'ನಿಮ್ಮ ಮೋಟಾರ್ ಸ್ಥಗಿತಗೊಂಡಿದೆ' ಅಂತಾರ. ನಮ್ಮ ಆಫೀಸಿನ್ಯಾಗ ಎಲ್ಲಾರೂ ಒಬ್ಬೊಬ್ಬರಾಗಿ ಹಚ್ಚಿ ಕೇಳೇವ್ರಿ."

ನನಗೆ ನಗು ತಡೆಯಲಾಗಲಿಲ್ಲ. ಜಗದೇವನ ತೊಗರಿಯನ್ನು ಕೊಳೆಸಿದ್ದು ಕಲಬುರಗಿಯ ಒಂದು ಆಫೀಸು. ಪಲ್ಲವಿ ನಗದೆ ಹೇಳಿದ ಮುಂದಿನ ಮಾತಿಗೆ ನನ್ನ ನಗು ನಿಂತಿತು. ಆ ನಂಬರಿಗೆ ಒಂದು ಓಟಿಪಿ ಹೋಗುತ್ತದೆ, ಅದನ್ನು ಅಕ್ಕ ಇವತ್ತು ಸಂಜೆ ಐದರೊಳಗೆ ಹೇಳಬೇಕು. ಇಲ್ಲವಾದರೆ ಅವಳ ಜಾಗ ಬೇರೆ ಊರಿಗೆ ಹೋಗುತ್ತದೆ. ಬೇರೆ ನಂಬರು ಕೊಟ್ಟರೆ ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ.

ಸಿಕ್ಕ ಬಸ್ಸು ಹಿಡಿದು ಕರಜಗಿಗೆ ಹೋದೆ. ಮಾಮಾ ಮಂಚದ ಮೇಲೆ ಫೋನ್ ಎದೆಯ ಮೇಲಿಟ್ಟುಕೊಂಡು ಮಲಗಿದ್ದರು. ಎಲ್ಲ ಹೇಳಿದೆ. ಜಗದೇವನ ವಿಷಯ ಬಂದಾಗ ಸ್ವಲ್ಪ ಕೆಮ್ಮಿದರು. ಆದರೆ ಸಿಮ್ ತೆಗೆಯುವ ಮಾತಿಗೆ ಎದ್ದು ಕೂತರು.

"ಈಗ ಹೆಂಗ ಆಗ್ತದ ವಿದ್ಯಾ? ಕರೆಂಟ್ ಅದ, ಮೋಟಾರ್ ಚಾಲೂ ಅದ. ಸಿಮ್ ತಗದ್ರ ಅದನ್ನ ಬಂದ್ ಮಾಡಾಕ ನಾ ಹೊಲಕ್ಕ ನಡಕೊಂಡು ಹೋಗಬೇಕು."

"ಹೋಗ್ರಿ. ಹೊಲ ಏನು ಕಾಶಿ ಆಗ್ಯದೇನು?"

"ಮೊಬೈಲ್ ಸ್ಟಾರ್ಟರ್ ಇಟ್ಕೊಂಡು ಹಣಮಂತರಾಯ ನಡಕೊಂಡು ಹೊಂಟಾನ ಅಂದ್ರ ಮಂದಿ ನಗಂಗಿಲ್ಲೇನು? ಆ ಜಗದೇವ ಒಬ್ಬನೇ ಸಾಕು. ನಾಳಿ ಕಂಪನಿಯವನ್ನ ಕರಸ್ತೇನಿ, ಆಗ ನೋಡೋಣು. ಡ್ರೋನ್ ಎಲ್ಲಿ ಓಡಿ ಹೋಗ್ತದ?"

ನನಗೆ ಮೈಯೆಲ್ಲ ಉರಿಯಿತು. ಗೈಡ್ ಸಾಹೇಬರೇ, ಬನ್ನಿ, ಈ ಮಂಚದ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂತು, ಯಂತ್ರ ಸಮಾಜವನ್ನು ಬದಲಿಸುವುದನ್ನು ನೋಡಿ ಎನ್ನಬೇಕೆನಿಸಿತು. ಇನ್ನೇನೋ ಆಡುವುದರಲ್ಲಿದ್ದೆ, ಅಷ್ಟರಲ್ಲಿ ಅಕ್ಕ ಅಡುಗೆಮನೆಯಿಂದ ಹೊರಗೆ ಬಂದಳು. ಕೈಗೆ ಹತ್ತಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. "ನಾ ಹೊಲಕ್ಕ ಹೋಗಿ ಬರ್ತೇನಿ" ಎಂದಳು.

"ಮೇವು ತರೂದಿದ್ರ ಹೋಗು. ಡಬ್ಬಿ ಮುಟ್ಟಬ್ಯಾಡ ಮತ್ತ, ಶಾಕ್ ಹೊಡೀತದ" ಎಂದು ಮಾಮಾ ಮತ್ತೆ ಮಲಗಿದರು.

ಅಕ್ಕ ಹೊಲದ ದಾರಿ ಹಿಡಿದಳು. ಅಷ್ಟು ಬಿರುಸಿನಿಂದ ಅವಳು ನಡೆದದ್ದನ್ನು ನಾನು ನೋಡಿರಲಿಲ್ಲ, ಹಿಂದೆ ಹಿಂದೆ ಓಡಿದೆ. ಶೆಡ್ಡಿನಲ್ಲಿ ಡಬ್ಬಿಯ ಮುಚ್ಚಳ ತೆಗೆದು, ಒಂದು ಕ್ಷಣ ಕೈ ಹಿಂದೆ ಎಳೆದುಕೊಂಡಳು. ಅವಳಿಗೆ ಹೆದರಿಕೆಯಾಗಿತ್ತು. ನನಗೂ ಆಗಿತ್ತು. ಆಮೇಲೆ ಉಗುರಿನಿಂದ ಒತ್ತಿ ಸಿಮ್ ಹೊರಗೆ ತೆಗೆದಳು. ಶಾಕ್ ಏನೂ ಹೊಡೆಯಲಿಲ್ಲ. ಮೋಟಾರ್ ತನ್ನ ಪಾಡಿಗೆ ತಾನು ನೀರೆತ್ತುತ್ತಲೇ ಇತ್ತು.

ಸಿಮ್ಮನ್ನು ನನ್ನ ಫೋನಿನ ಇನ್ನೊಂದು ಖಾನೆಗೆ ಹಾಕಿದೆವು. ಸ್ವಲ್ಪ ಹೊತ್ತಿಗೆ ಮೆಸೇಜುಗಳು ಒಂದರ ಮೇಲೊಂದು ಬಂದು ಬಿದ್ದವು. ನಾನು ಪಲ್ಲವಿಗೆ ಹಚ್ಚಿ ಅಕ್ಕನ ಕೈಗೆ ಕೊಟ್ಟೆ. ಓಟಿಪಿ ಬಂತು. ಅಕ್ಕ ಒಂದೊಂದೇ ಅಂಕಿಯನ್ನು, ಶಾಲೆಯಲ್ಲಿ ಮಗ್ಗಿ ಒಪ್ಪಿಸುವಂತೆ, ನಿಂತುಕೊಂಡೇ ಹೇಳಿದಳು. ಆ ಕಡೆಯಿಂದ ಪಲ್ಲವಿ, "ಆತ್ರೀ ಅಕ್ಕಾರ, ಸೋಮವಾರ ಬರ್ರಿ. ಚೂಡಿದಾರ ಇದ್ರ ಹಾಕ್ಕೊಂಡು ಬರ್ರಿ, ಓಡಾಡಾಕ ಹಗುರ ಆಗ್ತದ" ಎಂದಳು. ಅಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬದುವಿನ ಮೇಲೆ ಕೂತಳು. "ಚೂಡಿದಾರ ಇಲ್ಲಲ್ಲ ಬೇ" ಎಂದಳು. 'ಇಲ್ಲ' ಎಂಬ ಮಾತನ್ನು ಅಷ್ಟು ಸಂತೋಷದಿಂದ ಯಾರೂ ಹೇಳಿರಲಿಕ್ಕಿಲ್ಲ.

ಆಗಲೇ ಫೋನ್ ರಿಂಗಾಯಿತು. ಮಾಮಾನ ನಂಬರು. ಕಬ್ಬಿಗೆ ನೀರು ಸಾಕಾಗಿರಬೇಕು, ಮೋಟಾರ್ ಬಂದ್ ಮಾಡಲು ಮಂಚದಿಂದ ರಿಂಗ್ ಕೊಡುತ್ತಿದ್ದರು. ನಾನು ಕೈ ಚಾಚಿದೆ, ಅಕ್ಕ ಕೊಡಲಿಲ್ಲ. ತಾನೇ ಎತ್ತಿ ಕಿವಿಗೆ ಹಿಡಿದು, "ಹಲೋ, ಹೇಳ್ರಿ" ಎಂದಳು.

ಮಾಮಾ ಗಾಬರಿಯಿಂದ, "ಯಾರ್ರೀ ಅದು? ನಮ್ಮ ಮೋಟಾರಿನ್ಯಾಗ ಯಾವ ಹೆಣ್ಣಮಗಳು ಮಾತಾಡಾಕತ್ತೀರಿ?" ಎಂದು ಕೂಗಿದರು. ಫೋನಿನಾಚೆಗೆ ನನಗೂ ಕೇಳಿಸಿತು.

"ನಾನ್ರೀ," ಎಂದಳು ಅಕ್ಕ, "ಸುಮಿತ್ರಾಬಾಯಿ."

ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಹೆಂಡತಿಯ ದನಿಯನ್ನು ಮಾಮಾ ಒಮ್ಮೆಯೂ ಫೋನಿನಲ್ಲಿ ಕೇಳಿರಲಿಲ್ಲ. ಊರಿಗೆ ಹೊಸದಾಗಿ ಬಂದ ಯಾರನ್ನೋ ವಿಚಾರಿಸುವಾಗಿನ ಮರ್ಯಾದೆಯಲ್ಲಿ, ಕೇಳಿದರು:

"ಯಾವ ಸುಮಿತ್ರಾಬಾಯಿ ಅವರ್ರಿ?"