ಹೊತ್ತು ಮುಳುಗುವ ಮುಂಚಿನ ಕ್ಷಮೆ

ಮದುವೆ ಗೌನು ಹೊಲಿಯುವ ಆ ಟೈಲರಮ್ಮನಿಗೆ ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಗಂಡನ ಮೇಲೆ ಒಂದು ದಿನ ಪೂರ್ತಿ ಕೋಪ ಮಾಡಿಕೊಳ್ಳುವ ಭಾಗ್ಯವೇ ಸಿಕ್ಕಿರಲಿಲ್ಲ. ಗಂಡ ಬಿಟ್ಟರೆ ತಾನೆ? ವಾರವೆಲ್ಲ ವಾಟರ್ ಆಫೀಸಿನಲ್ಲಿ ಗುಮಾಸ್ತಿಕೆ, ಭಾನುವಾರ ಚರ್ಚಿನ ಹಿಂದಿನ ಕೋಣೆಯಲ್ಲಿ ಮದುವೆ ಗೊತ್ತಾದ ಜೋಡಿಗಳಿಗೆ ಪಾಠ. ಊರೆಲ್ಲ ಅವರನ್ನು ಮದುವೆ ಮೇಷ್ಟ್ರು ಅನ್ನುತ್ತಿತ್ತು. ಅವರ ಪಾಠಗಳಲ್ಲಿ ಮುಖ್ಯವಾದದ್ದು, ಗಂಡಹೆಂಡಿರ ಕೋಪ ಹೊತ್ತು ಮುಳುಗುವುದರೊಳಗೆ ಮುಗಿಯಬೇಕು ಅನ್ನುವುದು. ಒಳ್ಳೆಯ ಮಾತೇ. ಆದರೆ ಆ ಪುಣ್ಯಾತ್ಮರು ಅದನ್ನು ಮನೆಯಲ್ಲಿ ಪಾಲಿಸುತ್ತಿದ್ದ ಚೆಂದ ನೋಡಬೇಕಿತ್ತು.

ಬೆಳಿಗ್ಗೆ ಏನಾದರೊಂದು ಎಡವಟ್ಟು ಮಾಡುವುದು, ಮಧ್ಯಾಹ್ನವೆಲ್ಲ ಆರಾಮಾಗಿರುವುದು, ಸಂಜೆ ಕಿಟಕಿಯಲ್ಲಿ ಬಿಸಿಲು ನೋಡಿಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುವುದು. "ಏನೇ, ಏನಾದ್ರೂ ತಪ್ಪಾಗಿದ್ರೆ ಕ್ಷಮಿಸಿಬಿಡು. ಹೊತ್ತು ಮುಳುಗ್ತಾ ಇದೆ." ಮೋಡ ಕವಿದ ದಿನ ಗಡಿಯಾರ ನೋಡುತ್ತಿದ್ದರು. ಅವಳು "ಆಯ್ತು ಬಿಡಿ" ಅನ್ನುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ. ಒಲೆಯ ಮೇಲಿದ್ದದ್ದು ಸೀದುಹೋಗುತ್ತದಲ್ಲ ಅಂತ ಅವಳೂ ಅಂದುಬಿಡುತ್ತಿದ್ದಳು. ಹೀಗೆ ಸಾವಿರಾರು ಸಲ ಕ್ಷಮಿಸಿದ್ದಳು, ಮನಸ್ಸಿನಿಂದ ಎಷ್ಟು ಸಲ ಅಂತ ಕೇಳಬಾರದು.

ಆದರೆ ಆ ಗುರುವಾರದ್ದು ಸೀದುಹೋಗುವ ಸಾರಿನ ಲೆಕ್ಕವಲ್ಲ. ಅಂಗಡಿಯಲ್ಲಿ ಒಬ್ಬ ಮದುವಣಗಿತ್ತಿ ಸ್ಟೂಲಿನ ಮೇಲೆ ನಿಂತಿದ್ದಳು. ಟೈಲರಮ್ಮ ಕೆಳಗೆ ಮಂಡಿಯೂರಿ, ಬಾಯಲ್ಲಿ ಐದಾರು ಗುಂಡುಸೂಜಿ ಕಚ್ಚಿಕೊಂಡು ಗೌನಿನ ಅಂಚು ಮಡಿಸುತ್ತಿದ್ದಳು. ಹುಡುಗಿ ಮೇಷ್ಟ್ರ ಕ್ಲಾಸಿಗೆ ಹೋಗುತ್ತಿದ್ದವಳು, ಬಾಯಿ ಸುಮ್ಮನಿರದವಳು.

"ಆಂಟಿ, ಅಂಕಲ್ ಎಷ್ಟು ತಾಳ್ಮೆಯವರು ಅಲ್ವಾ! ನಿಮ್ಮ ಮಗು ಹುಟ್ಟಿ ಕಣ್ಣೇ ಬಿಡದೆ ಹೋದಾಗ, ಮಗು ಬದಲು ನೀವು ಸಾಯ್ಬಾರ್ದಿತ್ತಾ ಅಂತ ಅಂಕಲ್‌ನ ಕೇಳಿದ್ರಂತೆ ನೀವು. ಅವ್ರು ತುಟಿ ಪಿಟಕ್ ಅನ್ನಲಿಲ್ವಂತೆ. 'ನಾನಿನ್ನೂ ಬದುಕಿದೀನಿ ಅನ್ನೋದೇ ಇವಳಿಗೆ ದೊಡ್ಡ ಬೇಜಾರು' ಅಂದ್ರು ಕ್ಲಾಸಲ್ಲಿ. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು."

ಬಾಯಲ್ಲಿ ಸೂಜಿ ಇದ್ದದ್ದೇ ಒಳ್ಳೆಯದಾಯಿತು. ಅವಳು ಅಂಚು ಮಡಿಸಿ ಮುಗಿಸಿದಳು, ಎಲ್ಲೂ ಡೊಂಕಾಗಲಿಲ್ಲ. ಹುಡುಗಿ ಹೋದ ಮೇಲೆ ಸೂಜಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು. ಮೈಯೆಲ್ಲ ಉರಿಯುತ್ತಿತ್ತು. ಹಾಗೆ ಅಂದಿದ್ದು ನಿಜ. ಇಪ್ಪತ್ತೆರಡು ವರ್ಷದ ಹಿಂದೆ, ಆಸ್ಪತ್ರೆಯ ಮಂಚದ ಮೇಲೆ, ಎದೆಯಲ್ಲಿ ಹಾಲು ಕಟ್ಟಿ, ಕುಡಿಯುವ ಬಾಯಿಲ್ಲದೆ ಅಂದದ್ದು. ಗಂಡನನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಅದು ಗೊತ್ತಿರಲಿಲ್ಲ. ಅದನ್ನು ಈ ಮನುಷ್ಯ ಎಷ್ಟು ವರ್ಷದಿಂದ, ಎಷ್ಟು ಜೋಡಿಗಳನ್ನು ನಗಿಸುವುದಕ್ಕೆ ಬಳಸುತ್ತಿದ್ದರೋ! ಎಷ್ಟು ಹುಡುಗಿಯರು ಇದೇ ಸ್ಟೂಲಿನ ಮೇಲೆ ನಿಂತು, ಇದನ್ನೇ ನೆನೆಸಿಕೊಂಡು ಅವಳ ನೆತ್ತಿ ನೋಡಿದ್ದರೋ!

ಮನೆಗೆ ಹೋಗಿ ರಂಪ ಮಾಡಬಹುದಿತ್ತು. ಮಾಡಿದರೆ ಸಂಜೆಗೆ ಬಾಗಿಲಲ್ಲಿ ನಿಂತು ಕ್ಷಮೆ ಕೇಳಿ ಕೈ ತೊಳೆದುಕೊಳ್ಳುತ್ತಾರೆ, ಅಷ್ಟೆ. ಅದು ಬೇಡ. ಆ ಭಾನುವಾರವೇ ಆ ಜೋಡಿಗಳ ಕೊನೆಯ ಕ್ಲಾಸು, ಅವಳು ಹೋಗುತ್ತಿದ್ದದ್ದೂ ಅದೊಂದಕ್ಕೇ. ಅಲ್ಲೊಂದು ಕ್ರಮವಿತ್ತು. ಎಲ್ಲರ ಮುಂದೆ ಎರಡು ಕುರ್ಚಿ ಎದುರುಬದುರು ಹಾಕಿ ಗಂಡಹೆಂಡಿರು ಕೂರುವುದು, ಮೇಷ್ಟ್ರು ಕ್ಷಮೆ ಕೇಳುವುದು, ಅವಳು "ಮನಸಾರೆ ಕ್ಷಮಿಸಿದೀನಿ" ಅನ್ನುವುದು. ಅದನ್ನು ನೋಡಿ ಜೋಡಿಗಳೂ ಹಾಗೇ ಮಾಡುತ್ತಿದ್ದವು, ಪಾದ್ರಿಗಳು ಪ್ರಾರ್ಥನೆ ಮಾಡಿ ಮುಗಿಸುತ್ತಿದ್ದರು. ಯಾರ ಮುಂದೆ ನಗಿಸಿದರೋ ಅವರ ಮುಂದೆಯೇ, ತಾನೇನು ಮಾಡಿದೆ ಅಂತ ಆ ಬಾಯಿಂದಲೇ ಬರಬೇಕು. ಬರದೆ ಬಿಡುವುದಿಲ್ಲ ಅಂತ ಅವಳು ಹಲ್ಲು ಕಚ್ಚಿದಳು.

ಮೂರು ದಿನ ಗಂಡನಿಗೆ ರಾಜೋಪಚಾರ ಮಾಡಿದಳು. ಭಾನುವಾರದ ಬಿಳಿ ಅಂಗಿಗೆ ತಾನೇ ಇಸ್ತ್ರಿ ಹಾಕಿದಳು, ಕಾಲರಿನ ಮೇಲೆ ಎರಡೆರಡು ಸಲ. ನಾಲ್ಕು ಜನರ ಮುಂದೆ ಮರ್ಯಾದೆ ಹೋಗುವಾಗ ಅಂಗಿಯಾದರೂ ನೆಟ್ಟಗಿರಲಿ ಅಂತ.

ಕೋಣೆಯಲ್ಲಿ ಹನ್ನೊಂದು ಜೋಡಿಗಳಿದ್ದವು. ಆ ಮದುವಣಗಿತ್ತಿ ಮುಂದಿನ ಸಾಲಿನಲ್ಲೇ ಇದ್ದಳು. ಪಾದ್ರಿಗಳು ಬಾಗಿಲ ಬಳಿ ಕೂತಿದ್ದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಹೆಂಡತಿಯ ಕೈ ಹಿಡಿದು, ದನಿಯನ್ನು ಜೇನಿನಲ್ಲಿ ಅದ್ದಿ, "ಏನಾದ್ರೂ ತಪ್ಪಾಗಿದ್ರೆ ಕ್ಷಮಿಸಿಬಿಡು" ಅಂದರು.

"ಏನಾದ್ರೂ ಅಂದ್ರೆ ಏನು?"

ಎಲ್ಲರೂ ನಕ್ಕರು, ಪಾಠದಲ್ಲಿ ಇದೂ ಇರಬೇಕು ಅಂತ. ಮೇಷ್ಟ್ರೂ ನಕ್ಕರು. "ನಲ್ಲಿ ರಿಪೇರಿ ಮಾಡಿಸ್ಲಿಲ್ಲ, ಒಪ್ಕೋತೀನಿ." ವಾಟರ್ ಆಫೀಸಿನವರ ಮನೆಯಲ್ಲೇ ನಲ್ಲಿ ಸೋರಿದರೆ ಯಾರಿಗೆ ನಗು ಬರುವುದಿಲ್ಲ? ನಗು ಇನ್ನೂ ಜೋರಾಯಿತು.

"ಅದಲ್ಲ."

"ನಿನ್ನ ತಂಗಿ ಮನೆಗೆ ನಾನು ಬರಲ್ಲ ಅಂದೆ."

"ಅದೂ ಅಲ್ಲ." ಅವಳು ಕೈ ಬಿಡಿಸಿಕೊಂಡಳು. ಈಗ ಯಾರೂ ನಗಲಿಲ್ಲ. ಮೇಷ್ಟ್ರು ಇನ್ನೂ ಎರಡು ಮೂರು ತಪ್ಪು ಹುಡುಕಿ ತಂದರು, ಅವಳು ಒಂದೊಂದಕ್ಕೂ ತಲೆಯಾಡಿಸಿದಳು. ಇಸ್ತ್ರಿ ಮಾಡಿದ ಕಾಲರು ಬೆವರಿನಲ್ಲಿ ನೆನೆಯಿತು. ಅದನ್ನು ನೋಡಿ ಅವಳ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಬೇಕು, ಬಹಳ ತಣ್ಣಗಾಯಿತು.

ಪಾದ್ರಿಗಳು ಕೆಮ್ಮಿದರು. "ಅಮ್ಮಾ, ಹೊತ್ತಾಗ್ತಾ ಇದೆ."

"ಆಗ್ಲಿ ಬಿಡಿ ಪಾದ್ರಿಗಳೇ. ಹೊತ್ತು ಮುಳುಗೋದ್ರೊಳಗೆ ಕ್ಷಮಿಸ್ಬೇಕು ಅನ್ನೋದು ನನಗೊಬ್ಬಳಿಗೇನಾ? ಅಷ್ಟರೊಳಗೆ ತಾನೇನು ಮಾಡ್ದೆ ಅಂತ ಇವ್ರು ತಿಳ್ಕೊಳ್ಳೋದು ಬೇಡ್ವಾ?"

ಮುಂದಿನ ಸಾಲಿನಿಂದ ಮದುವಣಗಿತ್ತಿ ಎದ್ದು ನಿಂತಳು. ಅವಳ ಮುಖ ಬಿಳಿಚಿಕೊಂಡಿತ್ತು. "ಅಂಕಲ್... ಮಗು ವಿಷ್ಯ."

ಮೇಷ್ಟ್ರು ಹುಡುಗಿಯನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಹೊಳೆಯುವುದಕ್ಕೆ ಹೊತ್ತು ಹಿಡಿಯಿತು. ಹೊಳೆದ ಮೇಲೆ ತಲೆ ಎತ್ತಲಾಗಲಿಲ್ಲ.

"ಇವಳು ನೋವಲ್ಲಿ ಅಂದ ಮಾತದು," ಅಂದರು ನೆಲ ನೋಡುತ್ತ. "ನಿಮ್ಮನ್ನ ನಗಿಸೋಕೆ ಹೇಳ್ದೆ. ಎಲ್ಲಾ ಕ್ಲಾಸಲ್ಲೂ ಹೇಳಿದೀನಿ."

ಟೈಲರಮ್ಮ ಎದ್ದು ಬ್ಯಾಗು ತೆಗೆದುಕೊಂಡಳು. "ಕೇಳಿಸ್ಕೊಂಡ್ರಲ್ಲ, ಸಾಕು. ಕ್ಷಮಿಸಿದೀನಿ ಅಂತ ನಾನು ಹೇಳಲ್ಲ. ಹೇಳೋ ದಿನ ಬಂದ್ರೆ ಮನೇಲಿ ಹೇಳ್ತೀನಿ, ನಿಮ್ಮ ಮುಂದಲ್ಲ." ಹಾಗಂದು ಹೊರಗೆ ನಡೆದಳು.

ಮೇಷ್ಟ್ರು ಹಿಂದೆಯೇ ಬಂದರು. ಇಬ್ಬರೂ ಅಂಗಡಿ ಸಾಲು ದಾಟಿದರು. ಬಿಸಿಲು ಹೋಗಿ ಬೀದಿ ದೀಪ ಹತ್ತಿತು. ಅಂದು ಮಾತ್ರ ಅವರು ಕ್ಷಮಿಸು ಅನ್ನಲಿಲ್ಲ.

"ನಾನವತ್ತು ಮಗು ಮುಖ ನೋಡ್ಲಿಲ್ಲ ಕಣೇ," ಅಂದರು. "ನರ್ಸಮ್ಮ ಎತ್ಕೊಂಡು ಬಂದ್ರು. ನೋಡೋ ಧೈರ್ಯ ಬರಲಿಲ್ಲ, ಆ ಕಡೆ ತಿರುಗಿಬಿಟ್ಟೆ. ಹೇಗಿದ್ಲು?"

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕೇಳಿದ್ದರು. ಹೇಳಿಬಿಡೋಣ ಅನ್ನಿಸಿತು ಅವಳಿಗೆ.

"ಹೇಳಲ್ಲ."

"ಕ್ಲಾಸು ಬಿಟ್ಬಿಡ್ತೀನಿ. ಪ್ರಮಾಣ ಮಾಡಿ ಹೇಳ್ತೀನಿ, ಯಾರ ಮುಂದೂ ಬಾಯಿ ಬಿಡಲ್ಲ."

"ಬಿಡಿ, ಬಿಡದೆ ಇರಿ. ನಾನು ಹೇಳಲ್ಲ."

ಮೇಷ್ಟ್ರು ಬೀದಿಯಲ್ಲೇ ನಿಂತು ಅತ್ತರು, ಚಿಕ್ಕ ಮಕ್ಕಳ ಹಾಗೆ, ಬಾಯಿ ಬಿಟ್ಟು. ಹೋಗುವವರು ಬರುವವರು ತಿರುಗಿ ನೋಡಿದರು. ಅವಳು ನಿಲ್ಲಲಿಲ್ಲ. ಮಗುವಿನ ಹಣೆ, ಮೂಗು, ಆ ಪುಟ್ಟ ಗಲ್ಲ ಎಲ್ಲವೂ ಈ ಮನುಷ್ಯನದೇ ಅಚ್ಚು. ಇಷ್ಟು ವರ್ಷ ಅವರ ಮುಖ ನೋಡಿದಾಗಲೆಲ್ಲ ಅವಳಿಗೆ ಮಗು ಕಾಣುತ್ತಿತ್ತು. ಅದೊಂದು ಮಾತ್ರ ಅವರಿಗೆ ಸಾಯುವವರೆಗೂ ತಿಳಿಯಬಾರದು ಅಂದುಕೊಂಡು ಅವಳು ಮನೆ ಕಡೆ ನಡೆದಳು.