ಗಂಟಲಿಗೆ ಇಳಿದ ಕಹಿ

ನಮ್ಮ ಡಾಕ್ಟರರ ಎಡಗೈಯ ಕಿರುಬೆರಳು ಬುಡದಲ್ಲಿಯೇ ಮುರಿದು, ಉಳಿದ ಬೆರಳುಗಳಿಂದ ಬೇರೆಯಾಗಿ ಹೊರಕ್ಕೆ ಚಾಚಿಕೊಂಡಿತ್ತು. ಅದನ್ನು ಮುರಿದವರು ನನ್ನ ಅಪ್ಪ. ಸದರಿ ಘಟನೆಗೆ ನಾನು ಪ್ರತ್ಯಕ್ಷ ಸಾಕ್ಷಿಯಾಗಿರುವುದರಿಂದ, ನಡೆದುದನ್ನು ನಡೆದಂತೆಯೇ ವಿನಯಪೂರ್ವಕವಾಗಿ ಇಲ್ಲಿ ನಿವೇದಿಸುತ್ತಿದ್ದೇನೆ.

ಸುಳ್ಯದಲ್ಲಿ ಡಾಕ್ಟರರ ಕೋಪಕ್ಕೆ ಅಂಜದವರಿರಲಿಲ್ಲ. ಪಥ್ಯ ಮುರಿದು ಸುಳ್ಳು ಹೇಳಿದವರ ಚೀಟಿಯನ್ನು ಹರಿದು ಬೀದಿಗೆ ಎಸೆಯುತ್ತಿದ್ದರು. ಹೆಂಡತಿಯ ತಲೆ ಒಡೆದು, ಬಿದ್ದಳೆಂದು ಹೇಳಿ ಕರೆತಂದವನೊಬ್ಬನ ಕಪಾಳಕ್ಕೆ ಬಾರಿಸಿದ ಮೇಲೆಯೇ ಅವಳ ಗಾಯಕ್ಕೆ ಹೊಲಿಗೆ ಹಾಕಿದ್ದರು. "ಸತ್ಯ ಹೇಳಿ, ಮದ್ದು ಆಮೇಲೆ" ಎಂಬುದು ಅವರ ನಿತ್ಯದ ಮಾತು.

ಅರುವತ್ತರ ದಶಕದ ಆರಂಭ. ಸುಳ್ಯದ ಬಳಿಯ ಆಲೆಟ್ಟಿಯ ನಮ್ಮ ಮನೆಯಲ್ಲಿ ಸೌದೆ ಒಡೆಯುವಾಗ ಚಕ್ಕೆ ಸಿಡಿದು ಅಪ್ಪನ ಕಣ್ಣಿಗೆ ಗಾಯವಾಯಿತು. ಡಾಕ್ಟರರು ಚಕ್ಕೆ ತೆಗೆದು, ಅಟ್ರೋಪಿನ್ ಎಂಬ ಹನಿಮದ್ದಿನ ಸೀಸೆ ಕೊಟ್ಟು, ಬೆಳಿಗ್ಗೆ ಸಂಜೆ ಬಿಡಬೇಕೆಂದರು. ನಮ್ಮಲ್ಲಿ ಕಣ್ಣಿಗೆ ನಂದಿಬಟ್ಟಲು ಹೂವಿನ ರಸ ಬಿಡುವ ಕ್ರಮವಿತ್ತು: ಅಂಗಾತ ಮಲಗಿಸಿ, ಕಣ್ಣು ತುಂಬ ಹೊಯ್ದು, ಗಂಟಲಿಗೆ ರುಚಿ ಇಳಿದರೆ ಮಾತ್ರ ಮದ್ದು ತಾಗಿತೆಂದು ನಿಲ್ಲಿಸುವುದು. ಅವ್ವ ಈ ಮದ್ದನ್ನೂ ಹಾಗೆಯೇ, ಕಹಿ ಬಂತೆಂದು ಅಪ್ಪ ಹೇಳುವವರೆಗೆ ಹೊಯ್ದರು.

ಮಾರನೆಯ ದಿನ ಮಧ್ಯಾಹ್ನ ಅಪ್ಪನ ಮುಖ ಕೆಂಡದಂತಾಯಿತು. ಬಾಯಿ ಒಣಗಿ ನಾಲಿಗೆ ಹೊರಳದಾಯಿತು. ಎದೆಯೊಳಗೆ ಯಾರೋ ಓಡುತ್ತಿದ್ದಾರೆಂದರು. ಬಳಿಕ ಗಾಳಿಯಿಂದ ಏನನ್ನೋ ಹೆಕ್ಕತೊಡಗಿದರು. ತಡೆಯಲು ಹೋದ ಅವ್ವನನ್ನು ಗೋಡೆಗೆ ಬಡಿದರು. ಕತ್ತಿ ಹಿಡಿದು ಅಂಗಳಕ್ಕಿಳಿದು ಬೀಸಿದ ಏಟಿಗೆ ಕಟ್ಟಿಹಾಕಿದ್ದ ಕರುವಿನ ಕಿವಿ ತುಂಡಾಗಿ ಬಿತ್ತು. ನನ್ನ ತಮ್ಮ ಡಾಕ್ಟರರನ್ನು ಕರೆತರಲು ಸುಳ್ಯಕ್ಕೆ ಓಡಿದ. ಉಳಿದವರು ಸೇರಿ ಅಪ್ಪನನ್ನು ಕೆಡವಿ, ಜಗಲಿಯ ಕಂಬಕ್ಕೆ ಅಪ್ಪಿಸಿ ಹಗ್ಗ ಬಿಗಿದೆವು. ಪ್ರೇತ ಹೊಕ್ಕಿದೆಯೆಂದು ದೊಡ್ಡಪ್ಪ ಬೆತ್ತ ತೆಗೆದರು. ಬೆನ್ನಿನ ಚರ್ಮ ಸುಲಿದು ರಕ್ತ ಹರಿದರೂ ಅಪ್ಪನ ಅಬ್ಬರ ನಿಲ್ಲಲಿಲ್ಲ.

ಜೀಪಿನಿಂದ ಇಳಿದ ಡಾಕ್ಟರರು ಬೆತ್ತ ಕಸಿದು, ಅದರಿಂದಲೇ ದೊಡ್ಡಪ್ಪನ ಭುಜಕ್ಕೆ ಒಂದು ಬಾರಿಸಿದರು.

"ಪ್ರೇತವೂ ಇಲ್ಲ, ಎಂತದೂ ಇಲ್ಲ. ಎದೆ ಮುಟ್ಟಿ ನೋಡು ಮಾರಾಯ. ಹೀಗೆ ಓಡಿದರೆ ಎಷ್ಟು ಹೊತ್ತು ಉಳಿಯುದು ಇವರು?"

"ಹಾಗಾದರೆ ಹಗ್ಗ ಬಿಚ್ಚಿ ಡಾಕ್ಟ್ರೆ. ನಿಮಗೇ ಗೊತ್ತಾಗ್ತದೆ" ಎಂದರು ದೊಡ್ಡಪ್ಪ.

ಡಾಕ್ಟರರು ಬಿಚ್ಚಿಸಿದರು. ನಾಡಿ ನೋಡುತ್ತಿದ್ದ ಅವರ ಕೈಯನ್ನು ಅಪ್ಪ ಹಿಡಿದು ತಿರುಚಿದರು. ಕಿರುಬೆರಳು ಲಟಕ್ಕೆಂದಿತು. ಅವರು ಕೈ ಎಳೆದುಕೊಳ್ಳಲಿಲ್ಲ. ಅದನ್ನು ಅಪ್ಪನ ಹಿಡಿತದಲ್ಲಿಯೇ ಬಿಟ್ಟು, ಇನ್ನೊಂದು ಕೈಯಿಂದ ನಿದ್ದೆಯ ಇಂಜೆಕ್ಷನ್ ಚುಚ್ಚಿದರು. ಸಂಜೆಯವರೆಗೂ ಒದ್ದೆ ಬಟ್ಟೆ ಹೊದಿಸುತ್ತ, ಮತ್ತೆ ಮತ್ತೆ ಎದೆಯ ಬಡಿತ ಕೇಳುತ್ತ ಕುಳಿತರು. ಅದು ಹದಕ್ಕೆ ಬಂದ ಮೇಲೆಯೇ ತಮ್ಮ ಬೆರಳಿಗೆ ಬಟ್ಟೆ ಸುತ್ತಿಕೊಂಡರು.

ಆಮೇಲೆ ಅವ್ವನಿಂದ ಮದ್ದು ಬಿಟ್ಟ ಬಗೆಯನ್ನು ಕೇಳಿ ತಿಳಿದರು. ಬೈಗುಳಕ್ಕೆ ಸಿದ್ಧರಾಗಿ ಅವ್ವ ತಲೆ ತಗ್ಗಿಸಿ ನಿಂತರು. ಬೈಗುಳ ಬರಲಿಲ್ಲ.

"ಕಣ್ಣಿಂದ ಗಂಟಲಿಗೆ ದಾರಿ ಉಂಟಮ್ಮ. ಅಲ್ಲಿಂದ ರಕ್ತಕ್ಕೆ, ಎದೆಗೆ. ಅದನ್ನು ಹೇಳಬೇಕಾದ್ದು ನಾನು. ಹೇಳ್ಲಿಲ್ಲ."

ತದನಂತರ ಅವರು ಯಾರಿಗೂ ಹನಿಮದ್ದನ್ನು ಸುಮ್ಮನೆ ಕೊಟ್ಟು ಕಳುಹಿಸಿದ್ದಿಲ್ಲ. ಮೊದಲ ಹನಿಯನ್ನು ತಮ್ಮೆದುರೇ ಬಿಡಿಸಿ, ಗಂಟಲಿನ ದಾರಿ ಮುಚ್ಚುವಂತೆ ಮೂಗಿನ ಬದಿಯ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿಸಿ, ಕಹಿ ಬಂತೇ ಎಂದು ವಿಚಾರಿಸುತ್ತಿದ್ದರು. ಬಂತೆಂದವರಿಗೆ, ಸರಿಯಾಗಿ ಒತ್ತಲು ಕಲಿಯುವವರೆಗೆ ಬೆಂಚಿನಿಂದ ಏಳಲು ಅಪ್ಪಣೆಯಿರಲಿಲ್ಲ.

ಅಪ್ಪ ಉಳಿದರು. ಆದರೆ ಡಾಕ್ಟರರ ಕೈಯನ್ನು ನೋಡಲಾರದೆ ಅವರಿದ್ದ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟರು. ಕೆಲವು ವರ್ಷಗಳ ಬಳಿಕ ಡಾಕ್ಟರರು ತೀರಿಕೊಂಡ ಸುದ್ದಿ ಬಂದಾಗ ಉಣ್ಣುತ್ತಿದ್ದ ಎಲೆ ಬಿಟ್ಟು ಎದ್ದರು. ನಾವು ತಲುಪುವಾಗ ಚಟ್ಟಕ್ಕೆ ಹೆಗಲು ಕೊಡುವವರು ಅದಾಗಲೇ ನಿಂತಿದ್ದರು. ಅಪ್ಪನನ್ನು ನೋಡಿ ಡಾಕ್ಟರರ ಹಿರಿಯ ಮಗ ಸರಿದು ಜಾಗ ಕೊಟ್ಟರು. ಸ್ಮಶಾನದ ಏರಿನಲ್ಲಿ ಅಪ್ಪನ ಉಸಿರು ಜೋರಾದುದನ್ನು ಕೇಳಿ, ಹೆಗಲು ಬದಲಿಸಲು ನಾನು ಹತ್ತಿರ ಹೋದೆ.

"ಬೇಡ. ಎದೆ ಗಟ್ಟಿ ಉಂಟು" ಎಂದು ಅಪ್ಪ ಮುಂದೆ ನಡೆದರು.