ಮಗಳು ಸೆಮಿಫೈನಲ್ ತಲುಪಿದ ವರ್ಷ

ನನ್ನ ಮಗಳಿಗೆ ಸಿಳ್ಳೆ ಹಾಕುವುದನ್ನು ಯಾರೂ ಕಲಿಸಲಿಲ್ಲ. ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯ ನಮ್ಮ ಮನೆಯ ಹಿಂದಿನ ಬೇಲಿಯ ಮೇಲೆ ದಿನಾ ಬೆಳಿಗ್ಗೆ ಮ್ಯಾಗ್‌ಪೈ ಎಂಬ ಕಪ್ಪುಬಿಳಿ ಹಾಡುಹಕ್ಕಿಗಳು ಬಂದು ಕೂರುತ್ತಿದ್ದವು. ಆರೇಳು ವರ್ಷದವಳಿದ್ದಾಗ ಅವುಗಳಿಗೆ ಉತ್ತರ ಕೊಡಲು ಶುರು ಮಾಡಿದಳು. ಮೊದಮೊದಲು ಬಾಯಿಂದ ಬರೀ ಗಾಳಿ. ಎರಡು ವರ್ಷ ಕಳೆಯುವಷ್ಟರಲ್ಲಿ ಹಕ್ಕಿ ಯಾವುದು, ಮಗು ಯಾವುದು ಎಂದು ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಗೆ ತಿಳಿಯುತ್ತಿರಲಿಲ್ಲ. ಶನಿವಾರದ ಸಂಗೀತ ಪಾಠದಲ್ಲಿ ಬಾಯಿಬಿಟ್ಟು ಹಾಡು ಎಂದರೆ ಹಾಡದವಳು, ಮನೆಗೆ ಬಂದು ಅದೇ ಪಾಠವನ್ನು ಸಿಳ್ಳೆಯಲ್ಲಿ ಒಂದು ಸ್ವರ ತಪ್ಪದೆ ಒಪ್ಪಿಸುತ್ತಿದ್ದಳು.

ನನಗೆ ಅದು ಹಿಡಿಸುತ್ತಿರಲಿಲ್ಲ. ನಾವು ಉಡುಪಿ ಕಡೆಯವರು. ಮುಸ್ಸಂಜೆಯಲ್ಲಿ ಸಿಳ್ಳೆ ಹಾಕಿದರೆ ಮನೆಗೆ ಹಾವು ಬರುತ್ತದೆ ಎಂದು ಕೇಳಿ ಬೆಳೆದವರು. ಹಾವಿನ ಹೆದರಿಕೆಯೇನೂ ನನಗಿರಲಿಲ್ಲ. ಮನೆಗೆ ಬಂದವರ ಎದುರು ಹೆಣ್ಣುಮಗಳು ಸಿಳ್ಳೆ ಹಾಕಿದರೆ ಅವರು ಏನು ತಿಳಿದುಕೊಂಡಾರು ಎಂಬುದಷ್ಟೇ ಚಿಂತೆ. "ಇವತ್ತು ಅಂಕಲ್, ಆಂಟಿ ಎಲ್ಲ ಬರ್ತಾರೆ, ಬಾಯಿ ಮುಚ್ಚಿಕೊಂಡಿರು" ಎಂದು ಎಷ್ಟು ಸಲ ಹೇಳಿದ್ದೇನೋ. ಹದಿನಾಲ್ಕು ದಾಟುವ ಹೊತ್ತಿಗೆ ಅವಳು ಮನೆಯಲ್ಲಿ ಸಿಳ್ಳೆ ಹಾಕುವುದನ್ನೇ ಬಿಟ್ಟಳು. ನನ್ನ ಮಾತು ಕೇಳಿದಳು ಎಂದು ನಾನು ಸಮಾಧಾನಪಟ್ಟೆ.

ಟೀಚರ್ ಕೆಲಸಕ್ಕೆ ಬೇಕಾದ ಓದು ಮುಗಿಸಿ ಅವಳು ಎರಡು ವರ್ಷದ ವೀಸಾದ ಮೇಲೆ ಇಂಗ್ಲೆಂಡಿಗೆ ಹೋದಳು. ಅಲ್ಲಿ ಒಂದು ಪ್ರೈಮರಿ ಶಾಲೆಯಲ್ಲಿ ಕೆಲಸ. ಮಕ್ಕಳು ಗಲಾಟೆ ಮಾಡಿದರೆ ಅವಳು ಗದರುತ್ತಿರಲಿಲ್ಲವಂತೆ. ಸಣ್ಣಗೆ ಸಿಳ್ಳೆಯಲ್ಲಿ ಒಂದು ರಾಗ ಎತ್ತಿದರೆ ಕ್ಲಾಸು ತಾನಾಗಿ ಸುಮ್ಮನಾಗುತ್ತಿತ್ತಂತೆ. ಆ ಮಕ್ಕಳೇ ಬೆನ್ನು ಬಿದ್ದು ಅವಳಿಂದ ಟಿವಿಯ ಟ್ಯಾಲೆಂಟ್ ಸ್ಪರ್ಧೆಗೆ ಅರ್ಜಿ ಹಾಕಿಸಿದರು. ಅದು ಬ್ರಿಟನ್ನಿನಲ್ಲಿ ಮನೆಮಂದಿಯೆಲ್ಲ ಕೂತು ನೋಡುವ ಕಾರ್ಯಕ್ರಮ. ಹಾಡುವವರು, ಕುಣಿಯುವವರು, ಜಾದೂಗಾರರು, ನಾಯಿಗೆ ಆಟ ಕಲಿಸಿದವರು ಎಲ್ಲರೂ ಒಂದೇ ವೇದಿಕೆಗೆ ಬರುತ್ತಾರೆ. ಎದುರಿಗೆ ನಾಲ್ವರು ತೀರ್ಪುಗಾರರು. ಹಿಡಿಸದಿದ್ದರೆ ಮುಂದಿರುವ ಗುಂಡಿ ಒತ್ತುತ್ತಾರೆ; ಕರ್ಕಶವಾದ ಸದ್ದಿನೊಂದಿಗೆ ಕೆಂಪು ದೀಪ ಹತ್ತುತ್ತದೆ. ನಾಲ್ಕೂ ದೀಪ ಹತ್ತಿದರೆ ಅಲ್ಲಿಗೆ ಮುಗಿಯಿತು.

ಹೆಂಡತಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ನನಗೆ ಗೊತ್ತಾದದ್ದು ಮೊದಲ ಸುತ್ತು ಪ್ರಸಾರವಾದ ಮೇಲೆ. ಒಂದು ಭಾನುವಾರ ತಿಂಡಿ ತಿಂದು ಕೂತಿದ್ದಾಗ ಅವಳು ನಮ್ಮ ಟಿವಿಗೆ ಏನನ್ನೋ ಹಾಕಿ, "ಸುಮ್ಮನೆ ನೋಡಿ, ಮಧ್ಯೆ ಮಾತಾಡಬೇಡಿ" ಎಂದಳು. ಅಷ್ಟು ದೊಡ್ಡ ವೇದಿಕೆಯ ನಡುವೆ ನನ್ನ ಮಗಳು ಹತ್ತಿಯ ಸೀರೆಯುಟ್ಟು ಒಬ್ಬಳೇ ನಿಂತಿದ್ದಳು. ಮೊದಲು ಮ್ಯಾಗ್‌ಪೈ ಕೂಗಿತು. ಜನ ನಕ್ಕರು. ಆ ಕೂಗಿನ ಕೊನೆಯ ಎಳೆಯನ್ನೇ ಹಿಡಿದು ಅವಳು ಮೋಹನ ರಾಗಕ್ಕೆ ಇಳಿದಾಗ ನಗು ನಿಂತಿತು. ಎರಡು ನಿಮಿಷವಿದ್ದಿರಬಹುದು. ಮುಗಿಯುವಾಗ ತೀರ್ಪುಗಾರರು ಎದ್ದು ನಿಂತಿದ್ದರು.

ಕೂಡಲೇ ಫೋನ್ ಮಾಡಿದೆ. "ಭಾರೀ ಚೆಂದ ಮಾಡಿದಿ ಮಗಾ" ಎಂದೆ.  "ಥ್ಯಾಂಕ್ಸ್ ಪಪ್ಪ. ನಿಮಗೆ ಸಿಟ್ಟು ಬರಬಹುದು ಅಂದ್ಕೊಂಡಿದ್ದೆ" ಎಂದಳು.

ಮುಂದಿನ ಕೆಲವು ವಾರ ನಾನು ಬೇರೆಯೇ ಮನುಷ್ಯ. ಊರಿನ ಇನ್ನೊಂದು ತುದಿಯ ಟ್ರುಗನಿನಾದಲ್ಲಿ ಸ್ನೇಹಿತರ ಗೃಹಪ್ರವೇಶಕ್ಕೆ ಹೋದಾಗ ಅವರ ಹೊಸ ಟಿವಿಯಲ್ಲಿ ಆ ವಿಡಿಯೋ ಹಾಕಿಸಿ, ಊಟಕ್ಕೆ ಕೂತವರನ್ನೆಲ್ಲ ಕರೆದು ತೋರಿಸಿದೆ. ಯಾರ ಎದುರು ಅವಳ ಬಾಯಿ ಮುಚ್ಚಿಸುತ್ತಿದ್ದೆನೋ ಅದೇ ಅಂಕಲ್, ಆಂಟಿಯರು ಚಪ್ಪಾಳೆ ತಟ್ಟಿದರು. "ಸಣ್ಣದರಿಂದಲೇ ಹಾಗೆ, ನಾವು ಬೇಡ ಅನ್ನಲಿಲ್ಲ" ಎಂದು ನಾನು ಹೇಳುವುದನ್ನು ಹೆಂಡತಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು.  

ಸೆಮಿಫೈನಲ್ ನೇರಪ್ರಸಾರ. ಅಲ್ಲಿಯ ಸಂಜೆಯೆಂದರೆ ನಮಗೆ ಮರುದಿನ ಬೆಳಗಿನ ಐದು ಗಂಟೆ. ಮಗಳ ಜೊತೆ ಮನೆ ಹಂಚಿಕೊಂಡಿದ್ದ ಹುಡುಗಿ ವಿಡಿಯೋ ಕಾಲ್ ಮಾಡಿ ತನ್ನ ಫೋನನ್ನು ಟಿವಿಯ ಎದುರು ಒರಗಿಸಿಟ್ಟಳು. ಹೆಂಡತಿ ಸ್ನಾನ ಮಾಡಿ ದೇವರಿಗೆ ದೀಪ ಹಚ್ಚಿ ಬಂದು ಕೂತಿದ್ದಳು. ಜೂನ್ ತಿಂಗಳ ಚಳಿ. ಇಬ್ಬರೂ ಒಂದೇ ಕಂಬಳಿ ಹೊದ್ದಿದ್ದೆವು.

ಮಗಳು ಬಂದಳು, ಕೈಮುಗಿದಳು, ತುಟಿ ಮುಂದೆ ಮಾಡಿದಳು. ಸಿಳ್ಳೆ ಕೇಳಲಿಲ್ಲ.

"ಸೌಂಡ್ ಹೋಯ್ತು" ಎಂದೆ. ಫೋನಿನ ವಾಲ್ಯೂಮ್ ಏರಿಸಿದೆ.

"ಪಿಯಾನೋ ಕೇಳ್ತಾ ಉಂಟಲ್ಲ" ಎಂದಳು ಹೆಂಡತಿ.

ಹೌದು, ಪಿಯಾನೋ ಕೇಳುತ್ತಿತ್ತು. ಅದರ ಮೇಲೆ, ಕಿಟಕಿಯ ಸಂದಿಯಲ್ಲಿ ಗಾಳಿ ನುಗ್ಗಿದಂಥ ಒಂದು ಸದ್ದು. ಮಗಳು ನಿಲ್ಲಿಸಿ, ತುಟಿ ಒದ್ದೆ ಮಾಡಿಕೊಂಡು ಮತ್ತೆ ಶುರು ಮಾಡಿದಳು. ಮತ್ತೆ ಬರೀ ಗಾಳಿ. ಜನ ಮೊದಲು ಇದೂ ಆಟದ ಒಂದು ಭಾಗ ಎಂದುಕೊಂಡು ನಕ್ಕರು. ಅಲ್ಲವೆಂದು ಗೊತ್ತಾದ ಮೇಲೂ ಕೆಲವರ ನಗು ನಿಲ್ಲಲಿಲ್ಲ. ಒಂದು ದೀಪ ಹತ್ತಿತು. ಎರಡನೆಯದು, ಮೂರನೆಯದು. ಕೊನೆಯ ತೀರ್ಪುಗಾರ್ತಿ ಗುಂಡಿಯ ಮೇಲೆ ಕೈಯಿಟ್ಟು ತುಂಬ ಹೊತ್ತು ಕಾದರು. ನಂತರ ಅವರೂ ಒತ್ತಿದರು. ಆ ಹುಡುಗಿ ಆಚೆಯಿಂದ ಫೋನ್ ತಿರುಗಿಸಿ "ಸಾರಿ" ಎಂದು ಕಾಲ್ ಕಟ್ ಮಾಡಿದಳು.

ಹೆಂಡತಿ ಆ ಇಡೀ ದಿನ ಮಗಳಿಗೆ ಫೋನ್ ಮಾಡುತ್ತಲೇ ಇದ್ದಳು. ಸಂಜೆ ಮಗಳು ಸಿಕ್ಕಾಗ, ಮಾತಾಡಿ ಎಂದು ಫೋನನ್ನು ನನ್ನ ಕಡೆ ಚಾಚಿದಳು. ನಾನು ಕೈಸನ್ನೆಯಲ್ಲೇ ಬೇಡವೆಂದೆ.  ನಾಳೆ ಮಾಡುತ್ತೇನೆ ಎಂದೆ.

ಎರಡು ದಿನ ಕಳೆದು ಆಫೀಸಿನಲ್ಲಿ, ಡಾಕ್‌ಲ್ಯಾಂಡ್ಸ್‌ನ ನಮ್ಮ ಕಟ್ಟಡದ ಊಟದ ಕೋಣೆಯಲ್ಲಿ, ಆರು ತಿಂಗಳ ಹಿಂದೆ ಸೇರಿದ್ದ ಸಹೋದ್ಯೋಗಿಯೊಬ್ಬ ಪಕ್ಕಕ್ಕೆ ಬಂದು ಕೂತ. ಒಳ್ಳೆಯ ಮನುಷ್ಯ. "ಇದು ನೋಡಿದ್ಯಾ? ಎಲ್ಲ ಕಡೆ ಓಡಾಡ್ತಾ ಇದೆ" ಎಂದು ಫೋನ್ ನನ್ನ ಮುಂದೆ ಹಿಡಿದ. ಮಗಳು. ಯಾರೋ ಆ ಗಾಳಿಯ ಸದ್ದಿಗೆ ಪಂಕ್ಚರ್ ಆದ ಟೈರಿನ ಚಿತ್ರ ಸೇರಿಸಿದ್ದರು. ಪರದೆಯ ಮೇಲೆ ಅವಳ ಹೆಸರಷ್ಟೇ ಇತ್ತು, ನನ್ನದಿರಲಿಲ್ಲ.

ಅವನು ನಕ್ಕ. ನಾನೂ ನಕ್ಕೆ.

"ಪಾಪ, ನಿಮ್ಮ ಕಡೆಯ ಹುಡುಗಿ ಇರಬೇಕು. ಗೊತ್ತಾ?" ಎಂದು ಕೇಳಿದ.

"ಇಲ್ಲ" ಎಂದೆ.

ಮುಂದೆ ಇದ್ದ ಊಟ ಮುಗಿಸಿದೆ. ಡಬ್ಬಿ ತೊಳೆದೆ. ಮಧ್ಯಾಹ್ನ ಎರಡು ಮೀಟಿಂಗಿನಲ್ಲಿ ಕೂತು ಮಾತಾಡಿದೆ. ಸಂಜೆ ರೈಲಿನಲ್ಲಿ ಮಗಳ ನಂಬರ್ ತೆಗೆದು ನೋಡಿದೆ, ಒತ್ತಲು ಆಗಲಿಲ್ಲ. ಅವಳ ಮುಂದೆ ಏನು ಮಾತಾಡಿದರೂ ಆ "ಇಲ್ಲ" ನಡುವೆ ಬರುತ್ತದೆ ಅನಿಸಿತು. ಕೊನೆಗೆ ಫೋನ್ ಮಾಡುವಷ್ಟರಲ್ಲಿ ಎಂಟು ದಿನವಾಗಿತ್ತು. ಅವಳು ಎತ್ತಲಿಲ್ಲ. ಆಮೇಲೆಯೂ ತಾಯಿಯ ಫೋನಿಗೆ ಉತ್ತರಿಸುತ್ತಿದ್ದಳು, ನನ್ನದಕ್ಕಿಲ್ಲ.

ವೀಸಾ ಮುಗಿದು ವಾಪಸ್ ಬಂದಾಗ ಅವಳು ಮೆಲ್ಬರ್ನ್‌ಗೆ ಬರಲಿಲ್ಲ. ಸಿಡ್ನಿಯ ಪಶ್ಚಿಮದ ಒಂದು ಸಬರ್ಬ್‌ನಲ್ಲಿರುವ ತನ್ನ ಚಿಕ್ಕಮ್ಮನ ಮನೆಗೆ ಹೋಗಿ, ಅಲ್ಲೇ ಶಾಲೆಯಲ್ಲಿ ಕೆಲಸ ಹಿಡಿದಳು. ಹೆಂಡತಿ ಎರಡು ಸಲ ಹೋಗಿ ಬಂದಳು. ಎರಡನೇ ಸಲ ಬಂದವಳು ಬ್ಯಾಗ್ ಕೆಳಗಿಡುತ್ತಾ, "ನೀವು ಹೋಗಬೇಕು. ಕರೆಯಲಿ ಎಂದು ಕಾದರೆ ಕಾಯುತ್ತಲೇ ಇರ್ತೀರಿ" ಎಂದಳು.

ಶುಕ್ರವಾರ ರಜೆ ಹಾಕಿ ಕಾರಿನಲ್ಲೇ ಹೊರಟೆ. ಒಂಬತ್ತು ಗಂಟೆಯ ದಾರಿ. ಮಗಳು ಬಾಗಿಲು ತೆಗೆದು, "ಬನ್ನಿ ಪಪ್ಪ" ಎಂದಳು, ನೀರು ತಂದುಕೊಟ್ಟಳು. ಚಿಕ್ಕಮ್ಮ ಅಂಗಡಿಗೆ ಹೋಗುವ ನೆಪ ಮಾಡಿ ಹೊರಗೆ ಹೋದಳು. ಹಿತ್ತಲಿನ ಮೆಟ್ಟಿಲ ಮೇಲೆ ಕೂತು ನಾನು ಆಫೀಸಿನ ವಿಷಯ ಹೇಳಿದೆ. ನಕ್ಕದ್ದನ್ನೂ ಹೇಳಿದೆ. ಹೇಳದಿದ್ದರೆ ಅವಳಿಗೆ ಎಂದೂ ತಿಳಿಯುತ್ತಿರಲಿಲ್ಲ.

 ಅವಳು ಮಾತಾಡಿದ್ದು ಇಂಗ್ಲಿಷಿನಲ್ಲಿ, ಮನಸ್ಸು ನೊಂದಾಗ ಅವಳಿಗೆ ಬರುವ ಭಾಷೆ ಅದೇ. "ಆ ದೀಪಗಳು, ಆ ವಿಡಿಯೋ, ಅದೆಲ್ಲ ಒಂದು ತಿಂಗಳಲ್ಲಿ ಹೋಯಿತು. ನೀವು ಫೋನ್ ಮಾಡ್ತೀರಿ ಅಂತ ಕಾದೆ. ಬೈದರೂ ಸಾಕಿತ್ತು."

"ತಪ್ಪಾಯ್ತು ಮಗಾ."

"ಗೊತ್ತು. ಆದ್ರೆ ಇವತ್ತೇ ಸರಿಹೋಗಲ್ಲ ಪಪ್ಪ."

ಆಗ ನಾನು ಮೊದಲೇ ಕೇಳಬೇಕಾಗಿದ್ದನ್ನು ಕೇಳಿದೆ: ಆ ದಿನ ಅಲ್ಲಿ ಏನಾಯಿತು? ಅವಳು ಹೇಳಿದಳು. ಸಾವಿರಾರು ಜನ, ಬಿಸಿ ಬೆಳಕು; ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ನೀರಿನ ಬಾಟಲಿ ತೆರೆಯ ಹಿಂದೆ, ಹತ್ತು ಹೆಜ್ಜೆ ದೂರದಲ್ಲಿತ್ತು. ಒಂದು ನಿಮಿಷ ಕೊಡಿ ಎಂದು ಕೇಳಬಹುದಿತ್ತು, ಕೇಳಲು ಬಾಯಿ ಬರಲಿಲ್ಲ. "ಸುಮ್ಮನೆ ನಿಲ್ಲುವುದು ನನಗೆ ಮೊದಲಿನಿಂದ ಅಭ್ಯಾಸ" ಎಂದಳು. ನನ್ನನ್ನು ಚುಚ್ಚಲೆಂದು ಹೇಳಿದ್ದಲ್ಲ; ನಾನು ಅದನ್ನು ಹಾಗೆ ಕೇಳಿಸಿಕೊಳ್ಳದಿರಲೂ ಆಗಲಿಲ್ಲ.

ಸೋಮವಾರ ಆಫೀಸಿಗೆ ಹೋಗಿ ಆ ಸಹೋದ್ಯೋಗಿಯನ್ನು ಹುಡುಕಿದೆ. "ಅವತ್ತು ನೀನು ತೋರಿಸಿದ ಹುಡುಗಿ ನನ್ನ ಮಗಳು" ಎಂದೆ. ಅವನಿಗೆ ಯಾವ ಹುಡುಗಿ ಎಂಬುದೇ ಮರೆತಿತ್ತು. ನೆನಪಾದ ಮೇಲೆ ಮುಖ ಕೆಂಪಾಗಿ, ಕುರ್ಚಿಯಿಂದ ಎದ್ದು ನಿಂತು ಕ್ಷಮೆ ಕೇಳಿದ. ಕ್ಷಮೆ ಕೇಳಬೇಕಾದವನು ಅವನಲ್ಲ ಎಂದು ಅವನಿಗೆ ಹೇಗೆ ಹೇಳುವುದು?

ಈಗ ಮಗಳು ಅದೇ ಸಬರ್ಬ್‌ನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಮಾಡಿದ್ದಾಳೆ. ಕಳೆದ ತಿಂಗಳು ಅವಳೇ ಫೋನ್ ಮಾಡಿ, ಕಿಟಕಿಗೆ ಪರದೆ ಹಾಕಬೇಕು, ಡ್ರಿಲ್ ಇದ್ದರೆ ತನ್ನಿ ಎಂದಳು. ಹೋದೆ. ದಿನವಿಡೀ ಕೆಲಸ ಮಾಡಿದೆವು. ಅವಳು ಅಳತೆ ಹಿಡಿದಳು, ನಾನು ಗೋಡೆ ಕೊರೆದೆ.  ಒಂದು ಕಂಬಿ ಸೊಟ್ಟಗಾಯಿತು. ಅವಳು ತಲೆ ಓರೆ ಮಾಡಿ ನೋಡಿ, "ಇರಲಿ ಬಿಡಿ" ಎಂದಳು. ನಾನು ಬಿಡದೆ ಬಿಚ್ಚಿ ಮತ್ತೆ ಕೂರಿಸಿದೆ. ಊಟಕ್ಕೆ ಅವಳು ಸಾರು ಮಾಡಿದ್ದಳು, ಉಪ್ಪು ಸ್ವಲ್ಪ ಮುಂದಾಗಿತ್ತು, ಎರಡು ಸಲ ಹಾಕಿಸಿಕೊಂಡೆ.